ಪಾಣಿಪತ್ತಿನಲ್ಲಿ ಗುಡ್ಡವಿಲ್ಲ

ನಿವೃತ್ತಿಯಾದ ಮೇಲೆ ನನ್ನ ಯಜಮಾನರಿಗೆ ಬೇಕಾಗಿದ್ದುದು ಒಬ್ಬ ಶತ್ರು. ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಇದ್ದಷ್ಟು ಕಾಲ ಅದಕ್ಕೆ ಕೊರತೆ ಇರಲಿಲ್ಲ. ಅವರ ಆಫೀಸಿನ ಗುಮಾಸ್ತರೊಬ್ಬರು, ನಮ್ಮ ಕಡೆಯವರೇ, ಭಾನುವಾರ ತಿಂಡಿ ಮುಗಿಸಿ ಬಂದುಬಿಡುತ್ತಿದ್ದರು. ಕೇರಂ ಬೋರ್ಡನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ನಮ್ಮವರು ಬಣ್ಣದಲ್ಲಿ ಬರೆದ ರಣರಂಗದಲ್ಲಿ ಇಬ್ಬರೂ ಪಾಣಿಪತ್ ಯುದ್ಧ ಮಾಡುತ್ತಿದ್ದರು. ಒಬ್ಬರು ಮರಾಠರು, ಇನ್ನೊಬ್ಬರು ಅಫ್ಘಾನರು. ಹುಣಸೆಬೀಜ ಕಾಲಾಳು, ಅಂಗಿಯ ಗುಂಡಿ ಕುದುರೆ, ಸೋಡಾ ಬಾಟಲಿಯ ಮುಚ್ಚಳ ತೋಪು. ದಾಳ ಹಾಕುವುದು, ಕೂಗಾಡುವುದು, ಕಾಫಿ ಕೇಳುವುದು. ಆಟ ಕಟ್ಟಿದವರು ನಮ್ಮವರೇ.

ಗುಮಾಸ್ತರು ಊರಿಗೆ ಹೊರಟುಹೋದರು. ನಾವು ಘಾಜಿಯಾಬಾದಿನಲ್ಲಿ ಮಗ ಕೊಂಡ ಫ್ಲ್ಯಾಟಿಗೆ ಬಂದೆವು. ಮೆಟ್ರೋ ಇನ್ನೂ ಆ ಕಡೆ ಬಂದಿರಲಿಲ್ಲ. ಮಗ ಸೊಸೆ ಬೆಳಿಗ್ಗೆ ಹೊರಟರೆ ಕತ್ತಲಾದ ಮೇಲೆಯೇ ಮನೆ. ಮೊಮ್ಮಗಳಿಗೆ ಶಾಲೆ. ಯಜಮಾನರು ದಿನವಿಡೀ ನನ್ನ ಹಿಂದೆ. ಒಗ್ಗರಣೆ ಇಟ್ಟರೆ ಸಾಸಿವೆ ಸಿಡಿಯಿತೋ ಇಲ್ಲವೋ ಎಂದು ಇಣುಕುವುದು. ಆಮೇಲೆ ಅದೂ ನಿಂತಿತು. ಸುಮ್ಮನೆ ಗೋಡೆ ನೋಡುತ್ತ ಕೂರತೊಡಗಿದರು. ಇಣುಕುತ್ತಿದ್ದುದೇ ವಾಸಿ ಎನ್ನಿಸಿತು ನನಗೆ.

ನನ್ನ ಜೊತೆ ಆಡಿ ನೋಡಿದರು. ಮೊದಲು ಯಾರಿಗೆ ಒಳ್ಳೆಯ ದಾಳ ಬೀಳುತ್ತದೋ ಅವರು ಬೋರ್ಡಿನ ಮೇಲೆ ಬರೆದ ಗುಡ್ಡ ಹತ್ತಿ ಕೂತು ಗೆಲ್ಲುವುದು.

“ಇದೇನ್ರೀ, ಶುರುವಿನಲ್ಲೇ ಗೊತ್ತಾಗಿಹೋಗುತ್ತಲ್ಲ. ಮಿಕ್ಕ ಹೊತ್ತು ಯಾಕೆ ಕೂರಬೇಕು?” ಎಂದೆ. ಮುಖ ಸಣ್ಣದಾಯಿತು. ಆದರೂ ಇಲ್ಲದ್ದನ್ನು ಹೊಗಳುವುದು ನನ್ನಿಂದಾಗದು.

ಅಷ್ಟರಲ್ಲಿ ಕೆಳಗಿನ ಫ್ಲ್ಯಾಟಿಗೆ ಪಾಣಿಪತ್ತಿನ ಪಕ್ಕದ ಕರ್ನಾಲ್ ಕಡೆಯ ನಿವೃತ್ತ ಅಧಿಕಾರಿಯೊಬ್ಬರು ಬಂದರು. ಲಿಫ್ಟಿನಲ್ಲಿ ಪರಿಚಯವಾದದ್ದೇ ತಡ, ನಮ್ಮವರು ಆಟಕ್ಕೆ ಕರೆದೇಬಿಟ್ಟರು. ಅವತ್ತು ಶೇವ್ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಹೆಣ್ಣು ನೋಡಲು ಬರುವವರನ್ನು ಕಾಯುವ ಹಾಗೆ ಕೂತಿದ್ದರು. ಅಧಿಕಾರಿಗಳು ಬಂದು ಬೋರ್ಡು ನೋಡಿದರು.

“ಇದು ಯಾವ ಊರು?”

“ಪಾಣಿಪತ್.”

“ಮತ್ತೆ ಇವೇನು, ಸಮೋಸಾಗಳಾ?”

“ಗುಡ್ಡ. ಮೇಲೆ ಕೋಟೆ.”

ಹೊಟ್ಟೆ ಹಿಡಿದು ನಕ್ಕರು. “ಭಾಯಿ ಸಾಹೇಬ್, ಪಾಣಿಪತ್ತಿನಲ್ಲಿ ಗುಡ್ಡ ಎಲ್ಲಿಂದ ತಂದಿರಿ? ತವಾ ಇದ್ದ ಹಾಗಿದೆ ನೆಲ! ಭಾಭೀಜೀ, ಇಷ್ಟು ವರ್ಷ ಇವರನ್ನು ಮನೆಯೊಳಗೇ ಬೀಗ ಹಾಕಿ ಇಟ್ಟಿದ್ದಿರಾ?” ಚಹಾ ಕುಡಿದು, “ಅಚ್ಛಾ, ಇನ್ನೊಮ್ಮೆ ಬರ್ತೀನಿ” ಎಂದು ಹೋದರು. ಬರಲಿಲ್ಲ.

ತಪ್ಪು ನಮ್ಮವರದೇ. ದೆಹಲಿಯಲ್ಲಿ ಅರ್ಧ ಆಯುಷ್ಯ ಕಳೆದರೂ ಯುದ್ಧವೆಂದರೆ ಅವರ ಕಣ್ಣ ಮುಂದೆ ಬರುವುದು ಚಿತ್ರದುರ್ಗದ ಬಂಡೆ. ಆ ಗುಮಾಸ್ತರೂ ಅದೇ ಸೀಮೆಯವರು; ಅವರಿಗೂ ಅನುಮಾನ ಬಂದಿರಲಿಲ್ಲ.

ಬೋರ್ಡು ಮಂಚದ ಕೆಳಗೆ ಹೋಯಿತು, ಯಜಮಾನರು ಗೋಡೆಯ ಮುಂದಕ್ಕೆ. ನೋಡಿ ನೋಡಿ ಸಾಕಾಗಿ, “ನಡೀರಿ, ಪಾಣಿಪತ್ತಿಗೆ ಹೋಗಿ ಬರೋಣ” ಎಂದೆ.

“ಅಲ್ಲೇನಿದೆ ನೋಡೋಕೆ, ಹೊಲ.”

“ಹೊಲಾನೇ ನೋಡೋಣ. ಗೋಡೆಗಿಂತ ವಾಸಿ.”

ಚಪಾತಿ, ಉಪ್ಪಿನಕಾಯಿ ಕಟ್ಟಿಕೊಂಡು ಬಸ್ಸು ಹತ್ತಿದೆವು. ಜನವರಿ. ಮುಂದಿನ ಲಾರಿ ಕಾಣದಷ್ಟು ಮಂಜು. ಡ್ರೈವರ್ ದಾರಿಯ ಬದಿಯಲ್ಲಿ ಬಸ್ಸು ನಿಲ್ಲಿಸಿಯೇಬಿಟ್ಟ. ಇಳಿದು ಚಹಾ ಕುಡಿಯುತ್ತಿದ್ದರೆ ಕಬ್ಬು ಹೇರಿದ ಎತ್ತಿನ ಗಾಡಿಯೊಂದು ಏಕಾಏಕಿ ನಮ್ಮ ಮೂಗಿನ ಮುಂದೆಯೇ ಬಂದಿತು. “ಬರೋದು ಗೊತ್ತೇ ಆಗಲಿಲ್ಲ ಕಣೇ!” ಎಂದರು ಯಜಮಾನರು. ಗಾಡಿ ಮೈಮೇಲೆ ಬರುವುದರಲ್ಲಿತ್ತು, ಇವರಿಗೆ ಸಂತೋಷ.

ಪಾಣಿಪತ್ತು ಸೇರುವ ಹೊತ್ತಿಗೆ ಬಿಸಿಲು ಬಂದಿತ್ತು. ಕಣ್ಣು ಹಾಯುವಷ್ಟು ದೂರ ಗೋಧಿ. ಗುಡ್ಡ ಹೋಗಲಿ, ಒಂದು ದಿಬ್ಬವಿಲ್ಲ. ಹೊಲದ ಬದುವಿನ ಮೇಲೆ ಊಟಕ್ಕೆ ಕೂತಾಗ ಯಜಮಾನರು ಹೇಳಿದರು: “ಮರಾಠರ ಸೈನ್ಯದ ಜೊತೆ ಹೆಂಗಸರು, ಯಾತ್ರೆಗೆ ಹೊರಟವರು, ಎಲ್ಲ ಇದ್ದರಂತೆ. ಶತ್ರು ಧಾನ್ಯ ಬರೋ ದಾರಿ ಕಟ್ಟಿಬಿಟ್ಟ. ಕೊನೆಗೆ ಹಸಿವು ತಾಳದೆ ಯುದ್ಧಕ್ಕೆ ಇಳಿದರು.”

“ಹೌದಾ? ನಿಮ್ಮ ಬೋರ್ಡಿನ ಮೇಲೆ ಯಾರೂ ಉಂಡಿದ್ದನ್ನೇ ನಾನು ಕಾಣೆ” ಎಂದೆ.

ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

ಮನೆಗೆ ಬಂದವರೇ ಗುಡ್ಡಗಳಿಗೆ ಸೀಮೆಎಣ್ಣೆ ಹಾಕಿ ಉಜ್ಜಿದರು. ಬದಿಗೆ ಯಮುನೆಯನ್ನು ಎಳೆದರು. ತೋಪನ್ನು ಎಳೆಯುವುದು ಎತ್ತು, ಆದ್ದರಿಂದ ಕುದುರೆ ಮೂರು ಮನೆ ಓಡಿದರೆ ಅದು ಒಂದೇ ಮನೆ. ನನ್ನ ಒಡೆದ ಬಳೆಯ ಚೂರುಗಳು ಸೈನ್ಯದ ಹೆಂಗಸರಾದವು. ಪ್ರತಿ ಸುತ್ತಿಗೂ ಎಲ್ಲರ ಊಟಕ್ಕೆ ಬಟ್ಟಲಿನಿಂದ ಅಕ್ಕಿಕಾಳು ತೆಗೆಯಬೇಕು. ಬಟ್ಟಲು ಬರಿದಾದರೆ ಯುದ್ಧಕ್ಕೆ ಇಳಿಯಲೇಬೇಕು. ಶತ್ರುವಿನ ಅರ್ಧದ ಮೇಲೆ ತಮ್ಮ ಹಳೆಯ ಪಂಚೆ ಹೊದಿಸಿದರು. ಅದು ಮಂಜು. ನಮ್ಮ ಕುದುರೆ ತಲುಪಿದಷ್ಟು ಜಾಗದಲ್ಲಿ ಮಾತ್ರ ಎತ್ತಿ ನೋಡಬಹುದು.

ಅಲ್ಲಿಗೆ ಬಿಟ್ಟರೇ? ಒಂಟೆಗೆ ಕಾಯಿಲೆ, ಗಾಯಾಳುವಿಗೆ ಬೇರೆ ದಾಳ, ಸರದಾರರಿಗೆ ಬಡ್ತಿ. “ಇದು ಯುದ್ಧವಲ್ಲ, ನಿಮ್ಮ ಆಫೀಸು. ತೆಗೀರಿ” ಎಂದೆ. ಗೊಣಗುತ್ತ ತೆಗೆದರು.

ಆಮೇಲೆ ನಾನೇ ಕೆಳಗಿಳಿದು ನನ್ನ ಮುರುಕು ಹಿಂದಿಯಲ್ಲಿ ಅಧಿಕಾರಿಗಳಿಗೆ ಹೇಳಿದೆ: “ಗುಡ್ಡ ಕಡಿದು ಹಾಕಿದ್ದಾರೆ. ಬನ್ನಿ.”

ಮಫ್ಲರ್ ಸುತ್ತಿಕೊಂಡು ಬಂದರು. “ಈ ಧೋತಿ ಯಾಕೆ?”

“ಮಂಜು” ಎಂದರು ನಮ್ಮವರು, ಅಳುಕುತ್ತಲೇ.

ಅವರು ನಗಲಿಲ್ಲ. “ಹಾಂ, ಇದು ನಮ್ಮೂರ ಜನವರಿ” ಎಂದು ಬೋರ್ಡು ಇಟ್ಟಿದ್ದ ಮಂಚದ ಮೇಲೆಯೇ ಕಾಲು ಮಡಚಿ ಕೂತರು. ಅಫ್ಘಾನರ ಕಡೆ ಹಿಡಿದು, ಕುದುರೆಗಳನ್ನು ನದಿ ದಾಟಿಸಿ ಧಾನ್ಯದ ದಾರಿ ಕಟ್ಟಿದರು. ನಮ್ಮವರ ಬಟ್ಟಲು ಇಳಿಯುತ್ತ ಬಂತು.

“ನಿಮ್ಮ ಹೆಂಗಸರು ಬಹಳ ತಿಂತಾರೆ, ಭಾಯಿ ಸಾಹೇಬ್.”

“ಅವರು ಹೊರಟು ನಿಂತರೆ ಬೇಡ ಅನ್ನೋ ಧೈರ್ಯ ನಿಮಗಿದೆಯಾ?”

ಕೆಳಗಿನಿಂದ ಅವರ ಹೆಂಡತಿ ಊಟಕ್ಕೆ ಕೂಗಿದರು. “ಬಂದೆ” ಎಂದರು, ಏಳಲಿಲ್ಲ. ಕೊನೆಗೆ ಆಕೆಯೇ ಮೇಲೆ ಬಂದು ನನ್ನ ಪಕ್ಕ ಕೂತರು.

ಅಕ್ಕಿ ಮುಗಿಯಿತು. ನಮ್ಮವರು ಕುದುರೆ ನುಗ್ಗಿಸಿ ಪಂಚೆ ಎತ್ತಿದರೆ ಎದುರಿಗೆ ತೋಪುಗಳ ಸಾಲು. ಸರ್ವನಾಶ. ಆಗಷ್ಟೇ ಶಾಲೆಯಿಂದ ಬಂದ ಮೊಮ್ಮಗಳು, “ಅಜ್ಜ ಹಾರ್ ಗಯಾ? ಸೋತರೂ ಯಾಕೆ ಇಷ್ಟು ಖುಷ್?” ಎಂದು ಕೇಳಿದಳು.

ಗೆದ್ದವರಿಗೇ ಸಮಾಧಾನವಿಲ್ಲ. “ಯಮುನೆಯನ್ನು ಎಲ್ಲಿ ಬೇಕಾದರೂ ದಾಟಬಹುದಾ? ನೀರು ಕಮ್ಮಿ ಇರೋ ಕಡೆ ಗುರುತು ಹಾಕಬೇಕು. ನಾಳೆ ನಾನು ಮರಾಠರು. ಭಾಭೀಜೀ, ಬೋರ್ಡು ಎತ್ತಬೇಡಿ.”

ನಮ್ಮ ಕೋಣೆಯಲ್ಲಿದ್ದುದು ಅದೊಂದೇ ಮಂಚ. ಆ ಚಳಿಯಲ್ಲಿ ನಾವಿಬ್ಬರೂ ನೆಲದ ಮೇಲೆ ಹಾಸಿಗೆ ಹಾಸಿಕೊಂಡೆವು. ನನ್ನ ಸೊಂಟ ಹಿಡಿದುಕೊಂಡಿತು. ಅದನ್ನು ಅವರಿಗೆ ಹೇಳಿಯೇ ಹೇಳಿದೆ. ಬೋರ್ಡನ್ನು ಮಾತ್ರ ಮುಟ್ಟಲಿಲ್ಲ.