ಒಂದೇ ಕಡೆ ಸುತ್ತಿದ ವಿಮಾನ

ಗುರುಗುಂಟಾದ ಗುಡ್ಡದ ಹುಲ್ಲು ಕಾಯುತ್ತಿದ್ದ ಹುಸೇನಪ್ಪನಿಗೆ ಕೂತಲ್ಲಿ ಕೂರುವ ಗುಣವಿರಲಿಲ್ಲ. ಉಣ್ಣುವಾಗಲೂ ನಡುವೆ ಎದ್ದು ಹೊರಗೆ ಹೋಗಿ, ಗುಡ್ಡದ ಕಡೆಗೊಮ್ಮೆ ನೋಡಿ ಬರುತ್ತಿದ್ದ. ರೊಟ್ಟಿ ಆರಿಹೋಯಿತು ಎಂದು ಹೆಂಡತಿ ಯಮನಮ್ಮ ಬೈಯುವುದು ದಿನದ ಮಾತಾಗಿತ್ತು.

ಮೊದಲು ಅವನು ಹೀಗಿರಲಿಲ್ಲ. ನಿಜಾಮನ ಆಳ್ವಿಕೆ ಮುಗಿದ ವರ್ಷ ಭಾದ್ರಪದದಲ್ಲಿ ವಿಮಾನಗಳು ತಲೆಯ ಮೇಲೆ ಹಾದುಹೋದಾಗ ಬಾಂಬು ಬೀಳುತ್ತದೆಂದು ಯಾರೋ ಕೂಗಿದ್ದರು. ಅವನ ಕುರಿಹಿಂಡು ಬೆದರಿ ಚದುರಿತು. ಮೂರು ದಿನ ಹುಡುಕಿದರೂ ಅರ್ಧ ಸಿಗಲಿಲ್ಲ. ಉಳಿದವನ್ನು ಮಾರಿ ಈ ಕಾವಲಿನ ಕೆಲಸಕ್ಕೆ ಸೇರಿದ್ದ. ಕುರಿ ಹೋದವು, ಹುಡುಕುವ ಕಣ್ಣು ಮಾತ್ರ ಉಳಿಯಿತು.

ನಾಲ್ಕು ವರ್ಷದ ಮೇಲೆ ಮತ್ತೆ ವಿಮಾನ ಬಂತು. ಸಣ್ಣದು, ಒಂದೇ ಒಂದು. ತುರ್ವಿಹಾಳದ ಕಡೆ ಕಾಲುವೆಗೆ ನೆಲ ಅಳೆಯುವವರದು. ಅವರ ಕ್ಯಾಂಪಿನ ಮೇಸ್ತ್ರಿ ಕರಿಬಸಪ್ಪ ಗುರುಗುಂಟಾಕ್ಕೆ ಬಂದು, ಹೆದರಬೇಡಿರೆಂದು ಜನರನ್ನು ಕೂರಿಸಿ ಹೇಳಿದ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೆ ಮೇಲಿನವರಿಗೆ ಮೊದಲು ಕಾಣುತ್ತದೆ. ಬೆಂಕಿಯ ಬಾಯಿ, ಅಂದರೆ ಅದು ಮುನ್ನುಗ್ಗುವ ತುದಿ, ಎಲ್ಲಿದೆಯೋ ಅದರ ಮೇಲೆ ವಿಮಾನ ಸುತ್ತು ಹಾಕುತ್ತದೆ, ಕೆಳಗಿನವರು ಅಲ್ಲಿಗೆ ಹೋಗಿ ತಡೆಯಬೇಕು. ಒಪ್ಪಂದ ಇಷ್ಟೇ. ಹುಸೇನಪ್ಪ ಅದನ್ನೇ ಮೂರು ಸಲ ಕೇಳಿ ತಿಳಿದುಕೊಂಡ.

ಫಾಲ್ಗುಣದ ಒಂದು ಮಧ್ಯಾಹ್ನ ಗುಡ್ಡ ಹೊತ್ತಿತು.

ಬೆಳಿಗ್ಗೆಯೇ ಯಮನಮ್ಮ ಇನ್ನು ನಾಲ್ವರು ಹೆಂಗಸರ ಜೊತೆ ಹುಲ್ಲು ಕೊಯ್ಯಲು ಹೋಗಿದ್ದಳು. ಮೂಡಣ ಇಳಿಜಾರಿಗೆ ಹೋಗುತ್ತೇವೆ, ಅಲ್ಲಿ ಹುಲ್ಲು ಸಾಲದಿದ್ದರೆ ಕೊಳ್ಳಕ್ಕೆ ಇಳಿಯುತ್ತೇವೆ ಎಂದಿದ್ದಳು. ಮೂಡಣ ಇಳಿಜಾರಿನಲ್ಲಿದ್ದರೆ ಅಂಜಿಕೆಯಿಲ್ಲ. ಕೊಳ್ಳದಲ್ಲಿದ್ದರೆ ಬೆಂಕಿ ಇಳಿಯುತ್ತಿದ್ದುದು ಅಲ್ಲಿಗೇ. ಎಲ್ಲಿದ್ದಾರೆಂದು ಬಲ್ಲವರು ಕೆಳಗೆ ಯಾರೂ ಇರಲಿಲ್ಲ. ಹುಸೇನಪ್ಪ ಹೆಸರು ಹಿಡಿದು ಕೂಗುತ್ತ ಗುಡ್ಡದ ಬುಡದಲ್ಲಿ ಅತ್ತಿಂದಿತ್ತ ಓಡಾಡಿದ. ಹೊಗೆಯಿಂದ ಉತ್ತರ ಬರಲಿಲ್ಲ.

ಅಷ್ಟರಲ್ಲಿ ಸಿಂಧನೂರಿನ ದಿಕ್ಕಿನಿಂದ ವಿಮಾನ ಬಂತು. ಕೊಳ್ಳದ ಮೇಲೆ ಬಾಗಿ ಸುತ್ತತೊಡಗಿತು.

ಅಮರಗುಂಡಪ್ಪ ಸಾವಕಾರನ ಹೊಲ ಗುಡ್ಡಕ್ಕೆ ಅಂಟಿಕೊಂಡಿತ್ತು. ಎರಡು ಬಣವೆಗಳು ಅಲ್ಲೇ ಇದ್ದವು. ವಿಮಾನ ಸುತ್ತುವುದನ್ನು ನೋಡಿದ್ದೇ ಅವನು ಆಳುಗಳನ್ನು ಕರೆದು ಕೊಳ್ಳದ ಬಾಯಿಗೆ ಓಡಿದ. ಬೆಂಕಿ ಅಲ್ಲಿಗೆ ಬರುವ ಮೊದಲೇ ಹುಲ್ಲಿಗೆ ಎದುರು ಬೆಂಕಿ ಕೊಟ್ಟರೆ, ಎರಡೂ ನಡುವೆ ಕೂಡಿ, ಸುಡಲು ಏನೂ ಸಿಗದೆ ಸಾಯುತ್ತವೆ. ಹಿಂದಿನಿಂದ ಬಂದ ಪದ್ಧತಿ ಅದು. ಆಳು ಗ್ಯಾನಪ್ಪ ಕೊಳ್ಳಿ ಹೊತ್ತಿಸಿಕೊಂಡು ನಿಂತ.

ಹುಸೇನಪ್ಪ ಮಾತ್ರ ಮೇಲೆ ನೋಡುತ್ತಿದ್ದ. ಬೆಂಕಿಯ ಬಾಯಿ ಆಗಲೇ ಒಂದು ಹೊಲದಷ್ಟು ಕೆಳಗೆ ಜರುಗಿತ್ತು. ವಿಮಾನ ಜರುಗಿರಲಿಲ್ಲ. ಕುರಿ ಕಾದವರಿಗೆ ರಣಹದ್ದಿನ ಸುತ್ತು ಗೊತ್ತು. ನಡೆಯುತ್ತಿರುವ ಪ್ರಾಣಿಯ ಮೇಲಾದರೆ ಅದರ ಸುತ್ತೂ ನಡೆಯುತ್ತದೆ. ಬಿದ್ದದ್ದರ ಮೇಲೆ ಒಂದೇ ಕಡೆ, ಬಿಗಿಯಾಗಿ ಸುತ್ತುತ್ತದೆ. ಅದು ಸತ್ತಿದೆಯೋ ಇನ್ನೂ ಉಸಿರಾಡುತ್ತಿದೆಯೋ ಎಂಬುದನ್ನು ಹಕ್ಕಿ ಹೇಳುವುದಿಲ್ಲ.

ಅವನು ಹೋಗಿ ಗ್ಯಾನಪ್ಪನ ಕೈಯ ಕೊಳ್ಳಿ ಕಿತ್ತುಕೊಂಡು ಮಣ್ಣಿನಲ್ಲಿ ತುಳಿದ.

‘ತಲಿ ಕೆಟ್ಟೈತೇನಲೇ ಹುಸೇನ್ಯಾ?’ ಎಂದ ಸಾವಕಾರ. ‘ಇಮಾನ ಬೆಂಕಿ ಬಾಯಿ ತೋರ್ಸಾಕತ್ತೈತಿ. ನಿನ್ನ ಮುಂದನ ಮಾತಾಗಿತ್ತಿಲ್ಲೋ?’

‘ಬೆಂಕಿ ಮುಂದ ಬರಾಕತ್ತೈತ್ರಿ ಸಾವಕಾರ್ರ. ಇಮಾನ ಅಲ್ಲೇ ಐತಿ. ಅಲ್ಲಿ ಮಂದಿ ಅದಾರ. ಎದುರು ಬೆಂಕಿ ಕೊಟ್ರ ನಡುವ ಸಿಗ್ತಾರ.’

‘ಇರದಿದ್ರ? ನನ್ನ ಬಣವಿ ನೀ ಕಟ್ಟಿಕೊಡ್ತೀಯೇನು?’

ಹುಸೇನಪ್ಪ ಹೆಗಲ ಕಂಬಳಿಯನ್ನು ಬಾನಿಯ ನೀರಿನಲ್ಲಿ ಅದ್ದಿ ಹೊದ್ದು, ಉರಿ ಬಡಿಯಲು ಒಂದು ತಂಗಡಿ ಗಿಡದ ಕೊಂಬೆ ಮುರಿದುಕೊಂಡು, ಬೆಂಕಿ ಸುಟ್ಟು ಮುಂದೆ ಹೋಗಿದ್ದ ಬಲಪಕ್ಕದ ಕರಿನೆಲದ ಮೇಲೆ ಹತ್ತತೊಡಗಿದ. ಗ್ಯಾನಪ್ಪ ಒಮ್ಮೆ ಸಾವಕಾರನ ಮುಖ ನೋಡಿ, ಇನ್ನೊಂದು ಕೊಂಬೆ ಮುರಿದು ಅವನ ಹಿಂದೆ ಹೊರಟ. ಎದುರು ಬೆಂಕಿ ಕೊಡುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ. ಸಾವಕಾರನಿಗೂ ಬರಲಿಲ್ಲ.

ಅಂಗಾಲು ಸುಡುತ್ತಿತ್ತು. ಹೊಗೆಯೊಳಗೆ ದಾರಿ ಕಾಣದಾದಾಗ ಹುಸೇನಪ್ಪ ನಿಂತು, ತಲೆಯ ಮೇಲಿನ ಸದ್ದು ಯಾವ ಕಡೆಗಿದೆ ಎಂದು ಕೇಳಿಕೊಂಡು ನಡೆದ. ಇಷ್ಟು ವರ್ಷ ಯಾವ ಸದ್ದಿಗೆ ಕಿವಿ ಮುಚ್ಚಿಕೊಂಡಿದ್ದನೋ ಅದು ದೂರವಾದೀತೆಂದು ಈಗ ಅಂಜಿಕೆ. ಕೊಳ್ಳದ ಅಂಚಿನಲ್ಲಿ ಉರಿಯ ಒಂದು ಪಟ್ಟಿ ಅಡ್ಡ ಬಂತು. ಇಬ್ಬರೂ ಕೂಡಿ ಅದನ್ನು ಬಡಿದು, ಒಬ್ಬರು ದಾಟುವಷ್ಟು ಸಂದು ಮಾಡಿದರು.

ಆಚೆ ಒಂದು ಹಾಸುಬಂಡೆ. ನಾಲ್ವರು ಹೆಂಗಸರು ಬಂಡೆಯ ಸಂದಿನಲ್ಲಿ ಮುಖ ಹುದುಗಿಸಿ ಕೂತಿದ್ದರು. ವಿಮಾನಕ್ಕೆ ಹೆದರಿ ಅವರು ಹೊರಗೆ ಬಂದಿರಲಿಲ್ಲ. ಯಮನಮ್ಮ ಒಬ್ಬಳೇ ಬಂಡೆಯ ನಡುವೆ ಕೆಮ್ಮುತ್ತಾ ನಿಂತಿದ್ದಳು. ರೆಪ್ಪೆಯ ಕೂದಲು ಸೀದಿತ್ತು.

‘ಓಡಬೇಕಂತ ಕಾಲು ಕಿತ್ತಿದ್ದೆ,’ ಎಂದಳು. ‘ಆಮ್ಯಾಲ ಬ್ಯಾಡ ಅನಿಸ್ತು. ನಾ ಕದಲಿದ್ರ ಇಮಾನೂ ಕದಲ್ತೈತಿ, ಕೆಳಗ ನೀ ನೋಡಾಕತ್ತಿರ್ತಿ, ನಿನಗ ದಾರಿ ತಪ್ತೈತಿ ಅಂತ ನಿಂತೆ.’

ಅವನು ಹಸಿ ಕಂಬಳಿಯನ್ನು ಅವಳ ತಲೆಯ ಮೇಲೆ ಹಾಕಿದ. ಐವರನ್ನೂ ಅದೇ ಸಂದಿನಿಂದ ಕರಿನೆಲಕ್ಕೆ ದಾಟಿಸಿ ಕೆಳಗಿಳಿಸುವಾಗ ವಿಮಾನ ಇನ್ನೊಂದು ಸುತ್ತು ಹಾಕಿ ಮಸ್ಕಿಯ ಕಡೆ ತಿರುಗಿತು.

ಕೆಳಗೆ ಬರುವಷ್ಟರಲ್ಲಿ ಬಣವೆಗಳೆರಡೂ ಉರಿಯುತ್ತಿದ್ದವು. ಸಾವಕಾರ ತಲೆಯ ಮೇಲೆ ಕೈ ಹೊತ್ತು ಬದುವಿನ ಮೇಲೆ ಕೂತಿದ್ದ. ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದ.

‘ಐದು ಮಂದಿಗೆ ಎರಡು ಬಣವಿ ಹೋತು,’ ಎಂದ ಕೊನೆಗೆ.

‘ಅಗ್ಗಕ ಬಂದೀವಿ ಅನ್ರಿ ಸಾವಕಾರ್ರ,’ ಎಂದಳು ಯಮನಮ್ಮ.

ಅಳುತ್ತಿದ್ದ ಹೆಂಗಸೊಬ್ಬಳು ನಕ್ಕುಬಿಟ್ಟಳು. ಸಾವಕಾರ ನಗಲಿಲ್ಲ. ಪಕ್ಕದಲ್ಲಿದ್ದ ಖಾಲಿ ಕೊಡವನ್ನು ಅವಳ ಕಡೆ ಸರಿಸಿದ.

ಬೆಂಕಿ ಇನ್ನೂ ಬದುವಿನುದ್ದಕ್ಕೂ ಹರಿಯುತ್ತಿತ್ತು. ಯಮನಮ್ಮ ಕೊಡವೆತ್ತಿಕೊಂಡು ಬಾವಿಗೆ ನಡೆದಳು. ಹುಸೇನಪ್ಪ ಕೊಂಬೆ ಹಿಡಿದು ಉರಿ ಬಡಿಯತೊಡಗಿದ. ಎರಡು ಸಲ ಬಡಿಯುವುದು, ತಲೆಯೆತ್ತಿ ಬಾವಿಯ ಕಡೆ ನೋಡುವುದು. ಆಚೆ ತುದಿಯಲ್ಲಿ ಉರಿ ಜೋರಾಗಿದೆ, ಅಲ್ಲಿಗೆ ಹೋಗು ಎಂದು ಗ್ಯಾನಪ್ಪ ಎರಡು ಬಾರಿ ಕೂಗಿದ. ಬಾವಿ ಕಾಣದಷ್ಟು ದೂರ ಹುಸೇನಪ್ಪ ಹೋಗಲಿಲ್ಲ.