ನೀಲಿ ಪಟ್ಟೆಯ ಏಳು ಜೇಬು

ಬೆಳಗಾವಿ ರೈಲು ನಿಲ್ದಾಣದಲ್ಲಿ ಹೆತ್ತ ತಾಯಿ ನನ್ನ ಮುಂದೆಯೇ ನಡೆದು ಹೋದಳು. ನಾನು ಕೈಯೆತ್ತಿ ನಗುತ್ತಾ ನಿಂತಿದ್ದೆ. ಅವಳು ನನ್ನ ಮುಖ ನೋಡಿದಳು, ಯಾರೋ ದಪ್ಪ ಹೆಂಗಸಿಗೆ ದಾರಿ ಬಿಡುವಂತೆ ಪಕ್ಕಕ್ಕೆ ಸರಿದಳು, ಟ್ರಂಕು ಹೊತ್ತ ಹಮಾಲನ ಹಿಂದೆ ಹೋಗಿ ಗೇಟಿನ ಬಳಿ ನಿಂತು ಮಗಳಿಗಾಗಿ ಕತ್ತು ಚಾಚಿದಳು. "ಅಮ್ಮಾ" ಎಂದು ಕೂಗಿದೆ. ದನಿ ಕೇಳಿ ತಿರುಗಿದವಳು ನನ್ನನ್ನು ಕಂಡು ಗಾಬರಿಯಾದಳು.

"ಇದ್ಯಾರ ಮುಖಾನೇ ಹಾಕ್ಕೊಂಡಿದ್ದೀಯ?" ಎಂದಳು.

ಅದು ಎಂಬತ್ತೆರಡನೇ ಇಸವಿ. ಚಿಂತಾಮಣಿ ಬಿಟ್ಟು ಖಾನಾಪುರಕ್ಕೆ ಬಂದು ನನಗೆ ಮೂರು ವರ್ಷವಾಗಿತ್ತು. ಯಜಮಾನರಿಗೆ ಇಲ್ಲಿಯ ಹಂಚಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ. ನನ್ನ ಕೆಲಸ ನನ್ನ ಜೊತೆಗೇ ರೈಲು ಹತ್ತಿ ಬಂದಿತ್ತು: ಒಂದು ಹೊಲಿಗೆ ಮಿಷನ್ನು, ಒಂದು ಕತ್ತರಿ, ಒಂದು ಟೇಪು. ಚಿಂತಾಮಣಿಯ ನನ್ನ ಊರಿನವರೇ, ನಿಮಗೆ ಹೇಗೆ ಹೇಳಲಿ? ನಮ್ಮ ಕಡೆ ಕನ್ನಡದೊಳಗೆ ತೆಲುಗು ಬೆರೆತಿರುವ ಹಾಗೆ ಇಲ್ಲಿ ಮರಾಠಿ ಬೆರೆತಿದೆ. ಅಳತೆಗೆ ಮಾಪ, ಕುತ್ತಿಗೆಗೆ ಗಳಾ, ತೋಳಿಗೆ ಬಾಹಿ. ಮೊದಲ ತಿಂಗಳು ಬಂದ ಹೆಂಗಸರಿಗೆಲ್ಲ ತಲೆಯಾಡಿಸಿ, ಅವರ ಬೆರಳು ಎಲ್ಲಿ ತೋರಿಸುತ್ತದೋ ಅಲ್ಲಿ ಟೇಪು ಹಿಡಿದೆ. ನಾನು ಮುದ್ದೆ ಮಾಡಿ ಕೊಟ್ಟಾಗ ಮನೆಯೊಡತಿ ಗಂಗವ್ವ "ಅಗೀಬಾರದೇನ ಇದನ್ನ? ಹಂಗ ನುಂಗೂದೇನ?" ಎಂದು ಬಾಯಿ ಬಿಟ್ಟು ಕುಳಿತಳು. ಅವಳು ಕೊಟ್ಟ ಅಕ್ಕಿ ಭಕ್ರಿಯನ್ನು, ಅಂದರೆ ರೊಟ್ಟಿಯನ್ನು, ನಾನು ಗಂಟೆಗಟ್ಟಲೆ ಅಗಿದೆ.

ಗಂಗವ್ವ ಪಾರಿಶ್ವಾಡದಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ತಾನೂ ಹೊರಗಿನಿಂದ ಬಂದವಳೆಂಬ ನೆನಪು ಅವಳಿಗೆ ಇನ್ನೂ ಹಸಿಯಾಗಿತ್ತು. "ತಂಗಿ, ಮೊದಲನೇ ಮಳೀಗಾಲ ಕಠಿಣ. ತಡಕೋ" ಎನ್ನುತ್ತಿದ್ದಳು.

ತಡೆಯಲಾಗಲಿಲ್ಲ. ನಮ್ಮಲ್ಲಿ ಮಳೆ ಬಂದರೆ ಬೀದಿಗಿಳಿದು ನೋಡುತ್ತೇವೆ. ಇಲ್ಲಿ ಜೂನ್‌ನಲ್ಲಿ ಹಿಡಿದದ್ದು ಬಿಡುವುದೇ ಇಲ್ಲ. ಗೋಡೆ ಬೆವರುತ್ತದೆ. ಟ್ರಂಕಿನಲ್ಲಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ವಾಸನೆಗೆ ನನ್ನ ಎದೆ ಕಟ್ಟಿಕೊಂಡಿತು. ಎರಡನೆಯ ಮಳೆಗಾಲದಲ್ಲಂತೂ ಮಿಷನ್ ತುಳಿಯಲು ಉಸಿರೇ ಇರಲಿಲ್ಲ.

ಆಗ ಗಂಗವ್ವ ತನ್ನ ಮಂಡಿನೋವಿಗೆ ಔಷಧ ತರುತ್ತಿದ್ದ ಕಡೆಗೆ ನನ್ನನ್ನೂ ಕರೆದುಕೊಂಡು ಹೋದಳು. ಅವನ ಹೆಸರು ಬರೆಯುವುದಿಲ್ಲ, ಆ ಮರ್ಯಾದೆಯೂ ಅವನಿಗೆ ಬೇಡ. ಊರೆಲ್ಲ ಅವನನ್ನು ಡಾಕ್ಟರ್ ಮಾಮಾ ಎನ್ನುತ್ತಿತ್ತು. ಎಲ್ಲೋ ಕಂಪೌಂಡರ್ ಆಗಿದ್ದವನು ಕುತ್ತಿಗೆಗೆ ಸ್ಟೆತಾಸ್ಕೋಪ್ ಹಾಕಿಕೊಂಡು ಬಾಗಿಲು ತೆರೆದಿದ್ದ. ದೊಡ್ಡ ಡಬ್ಬಿಯಿಂದ ಸಣ್ಣ ಬಿಳಿ ಗುಳಿಗೆಗಳನ್ನು ಎಣಿಸಿ, ಮರಾಠಿ ಪೇಪರಿನ ಚೂರಿನಲ್ಲಿ ಮಡಚಿ ಕೊಟ್ಟ. ಹೆಸರಿಲ್ಲ, ಚೀಟಿ ಇಲ್ಲ.

"ಎಂಟ ದಿನಕ್ಕೊಮ್ಮಿ ಬಂದು ಒಯ್ರಿ, ವೈನಿ" ಎಂದ. ವೈನಿ ಎಂದರೆ ಇಲ್ಲಿ ಅತ್ತಿಗೆ. ಪರವೂರಿನಲ್ಲಿ ಒಬ್ಬರು ಅತ್ತಿಗೆ ಎಂದರಲ್ಲಾ ಎಂದು ನನಗೆ ಕಣ್ಣು ತುಂಬಿತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಬೆಳಿಗ್ಗೆ ನುಂಗಿದೆ, ಮರುದಿನ ಮಿಷನ್ ತುಳಿದೆ. ಅವನು ದೇವರ ಹಾಗೆ ಕಂಡ. ಬ್ಲೌಸು ಹೊಲಿಯುವ ನಾನು ಅವನಿಗಾಗಿ ಅಂಗಿ ಹೊಲಿಯುವುದನ್ನು ಕಲಿತೆ.

ಆರು ತಿಂಗಳಿಗೆ ನನ್ನ ಮುಖ ತುಂಬಿಕೊಂಡಿತು. ಇಲ್ಲಿ ಹೊಸದಾಗಿ ಬಂದವರು ದಪ್ಪಗಾದರೆ ಊರಿಗೇ ಸಂತೋಷ. ನೀರು ಸೇದುವಲ್ಲಿ, ಸಂತೆಯಲ್ಲಿ, ಗುಡಿಯ ಮೆಟ್ಟಿಲ ಮೇಲೆ ಒಂದೇ ಮಾತು: "ನಮ್ಮೂರ ನೀರ ಹತ್ಯಾವ ನೋಡ್ರಿ ಇಕಿಗೆ!" ನೀರು ಹತ್ತುವುದೆಂದರೆ ಒಗ್ಗುವುದು. ಅದಕ್ಕಿಂತ ದೊಡ್ಡ ಮರ್ಯಾದೆ ವಲಸೆ ಬಂದವರಿಗೆ ಇನ್ನೊಂದಿಲ್ಲ. ನಾನು ಫೋಟೋ ತೆಗೆಸಿ ನಿಮಗೆ ಕಳಿಸಿದೆ. ನೀವೂ ಅದನ್ನೇ ಬರೆದಿರಿ. ಅಮ್ಮನೊಬ್ಬಳು ಏನೂ ಬರೆಸದೆ ಟಿಕೆಟ್ ತೆಗೆಸಿದಳು. ಅವಳು ಬರುವ ಹೊತ್ತಿಗೆ ಮುಖ ಫೋಟೋದಲ್ಲಿದ್ದದ್ದಕ್ಕಿಂತ ಇನ್ನೂ ಊದಿತ್ತು.

ನನಗೆ ತಿಳಿಯಬೇಕಿತ್ತು, ಟೇಪು ನನ್ನ ಕುತ್ತಿಗೆಯಲ್ಲೇ ಇತ್ತು. ದಪ್ಪಗಾಗುವವರಿಗೆ ತೋಳೂ ಬಿಗಿಯಾಗುತ್ತದೆ. ನನ್ನ ಹೊಟ್ಟೆ ಬೆಳೆದಿತ್ತು, ಬೆನ್ನಿನ ಮೇಲೆ ಕುತ್ತಿಗೆಯ ಬುಡದಲ್ಲಿ ಗಡ್ಡೆಯಂತೆ ಮಾಂಸ ಕೂತಿತ್ತು, ಆದರೆ ಬಾಹಿ ಸಡಿಲವಾಗುತ್ತಿತ್ತು. ಗಂಗವ್ವನ ಅಳತೆಯೂ ಹಾಗೆಯೇ. ಇನ್ನೂ ನಾಲ್ಕಾರು ಹೆಂಗಸರದೂ ಹಾಗೆಯೇ. ಬರೆದುಕೊಂಡವಳು ನಾನೇ, ಬರೆದದ್ದನ್ನು ಓದದೆ ಹೋದವಳೂ ನಾನೇ.

ಅಮ್ಮ ಖಾನಾಪುರದ ಬಸ್ಸು ಹತ್ತಲು ಒಪ್ಪಲಿಲ್ಲ. ನಿಲ್ದಾಣದಿಂದ ನೇರ ಬೆಳಗಾವಿಯಲ್ಲೇ ಇರುವ ಟಿಳಕವಾಡಿಗೆ ನಡೆಸಿ, ಕೇಳಿ ಕೇಳಿ ಒಬ್ಬ ವಯಸ್ಸಾದ ಡಾಕ್ಟರರ ಮುಂದೆ ಕೂರಿಸಿದಳು. ಅವರು ಬಿ.ಪಿ. ನೋಡಿದರು, ಮೂತ್ರದಲ್ಲಿ ಸಕ್ಕರೆ ನೋಡಿಸಿದರು. ಮುಂಗೈ ಮೇಲಿನ ನೀಲಿ ಕಲೆಗಳನ್ನು ಬೆರಳಿನಿಂದ ಮುಟ್ಟಿದರು.

"ಸಣ್ಣ ಬಿಳೀ ಗುಳಗಿ, ಪೇಪರಿನ್ಯಾಗ ಕಟ್ಟಿದ್ದು. ಎಷ್ಟ ದಿನಾ ಆತು?"

"ಎರಡು ವರ್ಷ ಆಗ್ತಾ ಬಂತು. ನಿಮಗೆ ಹೇಗೆ ಗೊತ್ತಾಯಿತು?"

"ನಿಮ್ಮ ಮುಖದ ಮ್ಯಾಲ ಬರದೈತ್ರಿ, ಬಾಯಾರ. ಸ್ಟೀರಾಯ್ಡ್ ಅಂತಾರ. ಪ್ರೆಡ್ನಿಸೋಲೋನ್ ಇರಬೇಕು, ಇಲ್ಲಾ ಅದರ ಅಣ್ಣತಮ್ಮ. ಕೆಟ್ಟ ಔಷಧ ಅಲ್ರಿ ಇದು. ದಮ್ಮು ಏರಿ ಜೀವಾ ಹೋಗೂ ಹೊತ್ತಿನ್ಯಾಗ ಇದ ಉಳಸ್ತೈತಿ. ನಾಕ ದಿನದ್ದನ್ನ ಎರಡ ವರ್ಷ ತಿನಸೂದು ಕೆಟ್ಟ. ಎಲಬು ಸವೀತಾವ, ಸಕ್ಕರಿ ಏರತೈತಿ, ಸಣ್ಣ ಗಾಯಾ ಮಾಯಂಗಿಲ್ಲ."

ನನ್ನ ಕಿವಿಯಲ್ಲಿ ಆಗಲೇ ಗುಂಯ್ ಎನ್ನುತ್ತಿತ್ತು. ಅವರು ಮೇಜು ತಟ್ಟಿದರು. "ಇನ್ನೊಂದ ಮಾತ ಕೇಳ್ರಿ. ಒಮ್ಮಿಗೇ ಬಿಡಬ್ಯಾಡ್ರಿ. ಇಂಥಾದ ನಮ್ಮ ಮೈಯಾಗ ತಾನ ಹುಟ್ಟತೈತಿ. ಹೊರಗಿಂದ ಬಂತಂದ್ರ ಅದು ಮಲಕ್ಕೋತೈತಿ. ಅದನ್ನ ಮೆಲ್ಲಕ ಎಬ್ಬಸಬೇಕು. ಸ್ವಲ್ಪ ಸ್ವಲ್ಪ ಇಳಸಕೋತ ಹೋಗೂಣು."

ಅಮ್ಮನ ಜೊತೆ ಹತ್ತಿದ ಬಸ್ಸು ಖಾನಾಪುರದ ದಾರಿಯಲ್ಲಿ ಮಚ್ಛೆ ದಾಟುವ ಹೊತ್ತಿಗೆ ನಾನು ಅವನನ್ನು ಮನಸ್ಸಿನಲ್ಲಿ ಮೂರು ಸಲ ಕೊಂದಿದ್ದೆ. ನನ್ನ ಮುಖ ಕದ್ದವನು, ನನ್ನ ಕೈಯಿಂದಲೇ ಅಂಗಿ ಹೊಲಿಸಿಕೊಂಡವನು! ಖಾನಾಪುರದಲ್ಲಿ ಇಳಿದವಳೇ ಅಂಗಳದಲ್ಲಿ ನಿಂತು ಗಂಗವ್ವನಿಗೆ ಕೂಗಿ ಹೇಳಿದೆ: "ಅದು ವಿಷ! ಆ ಮುಂಡೇಮಗ ನಮಗೆ ವಿಷ ಹಾಕಿದಾನೆ!" ಡಾಕ್ಟರು ಎರಡು ಮಾತು ಹೇಳಿ ಕಳಿಸಿದ್ದರು. ನನ್ನ ಸಿಟ್ಟು ಒಂದನ್ನೇ ಊರಿಗೆ ತಂದಿತು. ಎರಡನೆಯದನ್ನು ನಾನು ಪಾಲಿಸಿದೆ, ನನ್ನ ಗುಳಿಗೆ ಡಾಕ್ಟರು ಬರೆದಂತೆ ನುಂಗಿದೆ. ಅವಳಿಗೆ ಹೇಳಲೇ ಇಲ್ಲ.

ಇಲ್ಲಿ ಪೀಡೆಯೆಂದು ಕಂಡದ್ದನ್ನು ಮನೆಯ ಕಸದಲ್ಲಿ ಹಾಕುವುದಿಲ್ಲ, ಹೊಳೆಗೆ ಬಿಡುತ್ತಾರೆ. ಗಂಗವ್ವ ಮರುದಿನ ಬೆಳಿಗ್ಗೆ ತನ್ನ ಪೊಟ್ಟಣಗಳನ್ನೆಲ್ಲ ಎಲೆಯ ಮೇಲಿಟ್ಟು, ಅರಿಷಿಣ ಕುಂಕುಮ ಹಾಕಿ, ಮಲಪ್ರಭೆಯಲ್ಲಿ ಬಿಟ್ಟು ಬಂದಳು. ನಾಲ್ಕು ವರ್ಷದಿಂದ ತಿನ್ನುತ್ತಿದ್ದವಳು. "ನನ್ನ ತಂಗೀ ಮುಖಾ ಕೆಡಿಸಿದಂವನ ಗುಳಗಿ ನನಗ್ಯಾಕ ಬೇಕ?" ಎಂದಳು. ನಾನು ಹೆಮ್ಮೆಯಿಂದ ಅವಳ ಕೈ ಹಿಡಿದುಕೊಂಡೆ.

ನಾಲ್ಕನೆಯ ದಿನ ಅವಳು ಬಚ್ಚಲ ಬಳಿ ಬಿದ್ದಿದ್ದಳು. ಹಿಂದಿನ ದಿನದಿಂದ ವಾಂತಿ ಇತ್ತು, ಅಜೀರ್ಣ ಎಂದುಕೊಂಡಿದ್ದೆವು. ಮೈ ತಣ್ಣಗೆ, ಕಣ್ಣು ಮೇಲೆ. ಜನ ಸೇರಿದರು. ಯಾರೋ ಅವನನ್ನೇ ಕರೆತಂದರು. ಅವನು ಬಂದು ನೋಡಿದ, ಸ್ಟೆತಾಸ್ಕೋಪ್ ಸಹ ತೆಗೆಯಲಿಲ್ಲ.

"ಗುಳಗಿ ಬಿಟ್ಟಾಳೇನ? ಬಿಟ್ರ ಹಿಂಗ ಆಗತೈತಿ. ಎಷ್ಟ ಮಂದೀದು ನೋಡೇನಿ ನಾ. ನನ್ನ ಗುಳಗಿ ಬಿಟ್ಟವ್ರು ಮತ್ತ ನನ್ನ ಬಾಗಲಕ್ಕ ಬರಬೇಕಾಗತೈತಿ, ವೈನಿ" ಎಂದು ನನ್ನ ಕಡೆ ನೋಡಿ ನಕ್ಕ.

ಆ ನಗೆಯಲ್ಲಿ ನನಗೆ ಎಲ್ಲ ಅರ್ಥವಾಯಿತು. ಅವನಿಗೆ ತಿಳಿಯದೆ ಆದದ್ದಲ್ಲ ಇದು. ತಿಳಿದೇ ಊರನ್ನು ಕಟ್ಟಿಹಾಕಿದ್ದ.

ಕಾರ್ಖಾನೆಯ ಹಂಚಿನ ಲಾರಿಯಲ್ಲಿ ಗಂಗವ್ವನನ್ನು ಮಲಗಿಸಿಕೊಂಡು ಬೆಳಗಾವಿಗೆ ಹೋದೆವು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅವಳು ಸತ್ತರೆ ಕೊಂದವನು ಅವನಲ್ಲ, ನಾನು ಎಂದು ನನಗೆ ಗೊತ್ತಿತ್ತು. ಡಾಕ್ಟರು ಸಲೈನ್ ಏರಿಸಿ, ಇಂಜೆಕ್ಷನ್ನಿನಲ್ಲಿ ಅದೇ ಜಾತಿಯ ಔಷಧ ಕೊಟ್ಟರು. ಅದೇ! ಹಲ್ಲು ಕಚ್ಚಿಕೊಂಡು ನೋಡಿದೆ. ಸಂಜೆಗೆ ಗಂಗವ್ವ ಕಣ್ಣು ಬಿಟ್ಟು ಚಹಾ ಕೇಳಿದಳು.

"ಬಾಯಿ ಮಾಡಿದ್ರ ಮಂದಿ ಉಳಿಯಂಗಿಲ್ರಿ," ಡಾಕ್ಟರು ಹೊರಗೆ ಕರೆದು ಬೈದರು. "ನಾಳೆ ಅವನ ಬಾಗಲಾ ಮುಚ್ಚಿಸಿದ್ರಿ ಅಂತ ತಿಳೀರಿ. ಅವನ ಕಡೆ ಬರೂ ಅಷ್ಟೂ ಮಂದಿ ಹಿಂಗ ಬಿದ್ರ ಯಾರ ಹೊಣಿ? ಅವನ ಮ್ಯಾಲಿನ ಸಿಟ್ಟ ಇರಲಿ. ಆದ್ರ ಅದನ್ನೂ ಡೋಸ್ ನೋಡಿ ಇಳಸ್ರಿ."

ಸಿಟ್ಟನ್ನು ನಾನು ಇಳಿಸಲಿಲ್ಲ. ಸೇಡನ್ನು ಮಾತ್ರ ಡೋಸಿನ ಪ್ರಕಾರ ತೀರಿಸಲು ಹೊರಟೆ.

ಅವನು ಇನ್ನೊಂದು ಅಂಗಿ ಹೊಲಿಯಲು ಕೊಟ್ಟಿದ್ದ ಬಟ್ಟೆ ನನ್ನ ಟ್ರಂಕಿನಲ್ಲಿತ್ತು. ಬಿಳಿಯ ಟೆರಿಕಾಟ್, ನೀಲಿ ಪಟ್ಟೆ, ಎರಡೂವರೆ ಮೀಟರ್. ಕತ್ತರಿ ಹಾಕಿದೆ. ಮೊದಲ ಚೀಲ ಗಂಗವ್ವನಿಗೆ: ಒಂದು ಉದ್ದನೆಯ ಪಟ್ಟಿ, ಅದರ ಮೇಲೆ ವಾರದ ಏಳು ಜೇಬು. ಕೆಂಪು ನೂಲಿನ ಜೇಬಿನಲ್ಲಿ ಇಡೀ ಗುಳಿಗೆ, ಹಸಿರು ನೂಲಿನದರಲ್ಲಿ ಅರ್ಧ. ಓದು ಬಾರದ ಅವಳು ಬೆಳಿಗ್ಗೆ ಭಕ್ರಿ ತಿಂದ ಮೇಲೆ ಒಂದು ಜೇಬು ಖಾಲಿ ಮಾಡಿದರೆ ಸಾಕು. ಡಾಕ್ಟರು ಡೋಸು ಇಳಿಸಿದಾಗಲೆಲ್ಲ ನಾನು ಕೆಂಪು ಬಿಚ್ಚಿ ಹಸಿರು ಹಾಕುತ್ತಿದ್ದೆ. ಜ್ವರ ಬಂದರೆ, ಆಪರೇಷನ್ ಎಂದರೆ, ಬೇರೆ ಡಾಕ್ಟರಿಗೆ ತೋರಿಸಲು ಅವರು ಒಂದು ಕಾರ್ಡು ಬರೆದು ಕೊಟ್ಟರು. ಅದಕ್ಕೂ ಹಿಂದೆ ಒಂದು ಜೇಬು ಹೊಲಿದೆ.

ಆಮೇಲೆ ನನ್ನ ಅಳತೆಯ ಪುಸ್ತಕ ತೆಗೆದೆ. ಹೊಟ್ಟೆ ಬೆಳೆದು ಬಾಹಿ ಸಡಿಲವಾದವರ ಪುಟಗಳು ಬೇಗ ಸಿಕ್ಕವು. ಒಬ್ಬೊಬ್ಬರ ಮನೆಗೇ ಹೋದೆ. ವಿಷ ಎನ್ನಲಿಲ್ಲ. "ಬಿಡಬ್ಯಾಡ್ರಿ, ಇರೂದನ್ನ ತಗೊಂಡು ಬರ್ರಿ, ಮಂಗಳವಾರ ಬೆಳಗಾವಿಗೆ ಹೋಗೂಣು" ಎಂದೆ. ಸಿಟ್ಟು ನನಗೆ ಈ ಊರಿನ ಮಾತು ಕಲಿಸಿತ್ತು. ಪ್ರತಿ ಮಂಗಳವಾರ ಬಸ್ಸಿನಲ್ಲಿ ಇಬ್ಬರು ಮೂವರು. ವಾಪಸು ಬಂದವರಿಗೆಲ್ಲ ಅದೇ ಬಟ್ಟೆಯ ಒಂದೊಂದು ಚೀಲ. ಕೆಲವರಿಗೆ ಇಳಿಸುವಾಗ ಕೀಲು ಹಿಡಿಯಿತು, ನನಗೆ ದಮ್ಮು ಬಂತು. ಡಾಕ್ಟರು ಮತ್ತೆ ಸ್ವಲ್ಪ ಏರಿಸಿ, ಇನ್ನೂ ನಿಧಾನವಾಗಿ ಇಳಿಸಿದರು. ನನಗೆ ಬಾಯಲ್ಲಿ ಸೇದುವ ಪಂಪು ಕೊಟ್ಟರು. ಅದರಲ್ಲೂ ಇದೇ ಜಾತಿಯ ಔಷಧ ಚಿಟಿಕೆಯಷ್ಟು, ಎದೆಗೆ ಮಾತ್ರ. ಸೇದಿದ ಮೇಲೆ ಬಾಯಿ ಮುಕ್ಕಳಿಸಬೇಕು.

ಅವನು ದಾರಿಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದ: "ನನ್ನ ಅಂಗಿ ಆತೇನ್ರಿ, ವೈನಿ?"

"ಹೊಲಿಯಾಕತ್ತೀನ್ರಿ, ಮಾಮಾ. ನಿಮ್ಮ ಅಂಗೀಗೆ ಜೇಬ ಭಾಳ ಅದಾವ."

ಎರಡನೆಯ ವರ್ಷ ಒಂದು ದಿನ ಗಂಗವ್ವನ ಬಾಗಿಲ ಮುಂದೆ ಹಾದುಹೋಗುವಾಗ ಮೊಳೆಗೆ ನೇತುಹಾಕಿದ್ದ ಚೀಲ ಕಂಡ. ನಿಂತ. ಬಳಿ ಬಂದು ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿದ. ಅಷ್ಟರಲ್ಲಿ ಅವನ ಬೆಂಚು ಮುಕ್ಕಾಲು ಖಾಲಿಯಾಗಿತ್ತು. ಏಕೆಂದು ಅವನಿಗೆ ಆಗ ತಿಳಿಯಿತು. ನಾನು ಮಿಷನ್ ಮುಂದೆ ಕುಳಿತು ಅವನ ಮುಖವನ್ನೇ ನೋಡಿದೆ. ಅದು ಬಣ್ಣಗೆಡುವುದನ್ನು ಪೂರ್ತಿ ನೋಡಿದೆ, ಒಂದು ಗುಲಗಂಜಿಯಷ್ಟೂ ಬಿಡಲಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲೇ ಬಾಗಿಲು ಹಾಕಿಕೊಂಡು ಊರು ಬಿಟ್ಟ.

ಇದರಿಂದ ನನ್ನ ಮನಸ್ಸು ತಣ್ಣಗಾಯಿತೆಂದು ತಿಳಿಯಬೇಡಿ. ಗಂಗವ್ವನ ಗುಳಿಗೆ ನಿಂತಿತು, ಸವೆದ ಬೆನ್ನೆಲುಬು ಮಾತ್ರ ಬಾಗಿದ್ದು ಬಾಗಿಯೇ ಇದೆ. ಅವಳ ಬ್ಲೌಸಿಗೆ ಈಗಲೂ ಹಿಂದೆ ಎರಡಿಂಚು ಹೆಚ್ಚು ಬಿಡುತ್ತೇನೆ. ಬಿಡುವಾಗಲೆಲ್ಲ ಅವನಿಗೆ ಶಾಪ ಹಾಕುತ್ತೇನೆ.

ಮುಖ ವಾಪಸು ಬಂದ ಮೇಲೆ ಚಿಂತಾಮಣಿಗೆ ಬಂದೆ. ನೀವೆಲ್ಲ ನೋಡಿ "ಅಯ್ಯೋ, ಸೊರಗಿಹೋಗಿದ್ದೀಯ, ಆ ಊರು ಒಗ್ಗಲಿಲ್ಲ" ಎಂದಿರಿ. ಖಾನಾಪುರದಿಂದ ಹೊರಡುವಾಗ ಗಂಗವ್ವ ಹೇಳಿದ್ದು ಬೇರೆ: "ಅಲ್ಲಿ ನೀರ ನಿನಗ ಈಗ ಹತ್ತಂಗಿಲ್ಲ, ಲಗೂನ ಬಾ." ಮುದ್ದೆಯನ್ನು ನಾನು ಅಗಿದೆನಂತೆ, ಮಕ್ಕಳು ನಕ್ಕರು. ಖಾನಾಪುರದಲ್ಲಿ ಭಕ್ರಿ ಮುರಿಯುವುದರಲ್ಲಿ ಇನ್ನೂ ತಪ್ಪುತ್ತೇನೆ.

ಅಣ್ಣನ ಹೆಂಡತಿ ಊಟಕ್ಕೆ ಬಡಿಸಲು ಬಂದಳು. ಕಾಂಗ್ರೆಸ್ ಗಿಡದ ಗಾಳಿಗೆ ಮೈಯೆಲ್ಲ ತುರಿಕೆ ಎದ್ದು ಎರಡು ವರ್ಷ ಒದ್ದಾಡಿದವಳು. ಈಗ ಚರ್ಮ ತಿಳಿಯಾಗಿತ್ತು. ಮುಖ ಪೂರಿಯ ಹಾಗೆ ದುಂಡಗೆ. "ಹೇಗೆ ತುಂಬ್ಕೊಂಡಿದ್ದಾಳೆ ನೋಡು, ನಮ್ಮೂರ ಗಾಳಿ ನೀರು!" ಎಂದ ಅಣ್ಣ. ನಾನು ಅವಳ ತೋಳು ಹಿಡಿದೆ. ಬಾಹಿ ಸಡಿಲವಾಗಿತ್ತು. ಗೂಡಿನಲ್ಲಿ ತೆಲುಗು ಪೇಪರಿನ ಪೊಟ್ಟಣ ಇತ್ತು.

"ಬಿಸಾಡಬೇಡ," ಎಂದೆ. "ಇವತ್ತಿನದನ್ನ ನುಂಗು. ನಾಳೆ ಒಳ್ಳೇ ಡಾಕ್ಟರ ಹತ್ರ ಹೋಗೋಣ."

ಅವಳಿಗೆ ಏನೂ ಅರ್ಥವಾಗಲಿಲ್ಲ. "ಊರಿಗೆ ಯಾವಾಗ ಹೋಗ್ತೀಯ?" ಎಂದು ಕೇಳಿದಳು. ಯಾವ ಊರು ಎಂದು ನಾನು ಕೇಳಲಿಲ್ಲ, ನನಗೂ ಆ ಕ್ಷಣ ಗೊತ್ತಿರಲಿಲ್ಲ. ಪೆಟ್ಟಿಗೆಯ ತಳದಿಂದ ಉಳಿದ ನೀಲಿ ಪಟ್ಟೆಯ ಬಟ್ಟೆ ತೆಗೆದು ಹಾಸಿದೆ. ಅವಳ ಒಂದು ಚೀಲಕ್ಕೆ ಸರಿಯಾಗುವಷ್ಟಿತ್ತು, ಈ ಊರಿನ ಉಳಿದವರಿಗಿಲ್ಲ.

"ಅತ್ತಿಗೆ, ಈ ಗುಳಿಗೆ ಕೊಟ್ಟವನಿಗೆ ಇಲ್ಲಿ ಅಂಗಿ ಹೊಲಿಯೋರು ಯಾರು?" ಎಂದು ಕೇಳಿದೆ.