ಸಿದ್ದಲಿಂಗೇಶನ ಬಾಡಿಗೆ ತಟ್ಟೆಗಳು

ಹೊಸಪೇಟೆಯ ಮೇನ್ ಬಜಾರಿನಲ್ಲಿ ನನ್ನದು ಪಾತ್ರೆ ಅಂಗಡಿ. ಎದುರಿಗೆ ಸಿದ್ದಲಿಂಗೇಶನದು ಪ್ಲಾಸ್ಟಿಕ್ ಲೋಟ, ಥರ್ಮಾಕೋಲ್ ತಟ್ಟೆಗಳ ಅಂಗಡಿ. ಉಂಡು ಎಸೆಯುವ ಮಾಲು ಮಾರಿದರೆ ಗಿರಾಕಿ ನಾಳೆಯೂ ಬರುತ್ತಾನೆ, ತೊಳೆದಿಡುವ ಮಾಲು ಮಾರಿದರೆ ಮಗಳ ಮದುವೆಗೆ ಮಾತ್ರ ಬರುತ್ತಾನೆ ಎಂದು ಅವನು ವರ್ಷಗಟ್ಟಲೆ ನನ್ನನ್ನು ಕೆಣಕಿದ. ಪ್ಲಾಸ್ಟಿಕ್ ನಿಷೇಧ ಬಂದು ಅವನ ಮಾಲೆಲ್ಲ ನಗರಸಭೆಯ ಟ್ರ್ಯಾಕ್ಟರ್ ಏರಿದ ದಿನ, ನಾನೂ ಒಂದು ಮಾತು ಅನ್ನಬೇಕೆಂದು ರಸ್ತೆ ದಾಟಿದೆ. ಅವನ ಮುಖ ನೋಡಿ, ಚಹಾ ತರಿಸಿಕೊಟ್ಟು ವಾಪಸಾದೆ.

ಕೆಲವು ತಿಂಗಳು ಖಾಲಿ ಅಂಗಡಿಯಲ್ಲಿ ಕೂತು, ಕೊನೆಗೆ ಸ್ಟೀಲ್ ತಟ್ಟೆ ಬಾಡಿಗೆಗೆ ಕೊಡುತ್ತೇನೆಂದು ಬಂದ. ತಟ್ಟೆ ಹೋಗಬೇಕು, ಉಂಡಾದ ಮೇಲೆ ಮರಳಿ ಬರಬೇಕು, ತೊಳೆದು ಮತ್ತೆ ಕಳಿಸಬೇಕು. ಕಸವಿಲ್ಲ, ದಾಳಿಯ ಭಯವಿಲ್ಲ. ಯಶವಂತನಗರದ ಗಣಿ ಕಾರ್ಮಿಕರ ಕ್ಯಾಂಟೀನೊಂದು ಕಾಗದದ ತಟ್ಟೆ ಬಿಟ್ಟು ಇವನ ತಟ್ಟೆ ಹಿಡಿಯಲು ಒಪ್ಪಿತ್ತು. ಬಂಡವಾಳಕ್ಕೆಂದು ಹೆಂಡತಿ ಗಂಗಾಂಬಿಕಾ ಕೊರಳು ಬರಿದು ಮಾಡಿಕೊಂಡಳು. ಆರುನೂರು ತಟ್ಟೆ ನನ್ನ ಅಂಗಡಿಯಿಂದಲೇ ಹೋದವು.

ಕದ್ದೊಯ್ಯದಂತೆ ಅಂಗಡಿ ಹೆಸರು ಕೆತ್ತಿಸು ಎಂದೆ.

"ಅಂಗಡಿ ಹೆಸರಿಗೆ ಯಾರು ಅಂಜತಾರಣ್ಣ? ಸತ್ತೋರ ಹೆಸರಿಗೆ ಅಂಜತಾರ. ನಮ್ಮವ್ವನ ಹೆಸರು ಹಾಕ್ರಿ."

'ಮರುಳಸಿದ್ದಮ್ಮನ ನೆನಪಿಗೆ' ಎಂದು ಕೆತ್ತುವುದು ಅಷ್ಟೊಂದು ತಟ್ಟೆಗಳಿಗೆ ಉದ್ದವಾಯಿತು. 'ಅವ್ವನ ನೆನಪಿಗೆ' ಎಂದಿದ್ದರೆ ಸಾಕೆಂದು ಅವನೇ ಮೊಟಕು ಮಾಡಿದ.

ಕ್ಯಾಂಟೀನಿಗೆ ಸೋಮವಾರ ಒಪ್ಪಿಸಬೇಕಿತ್ತು. ಅಲ್ಲಿಯವರೆಗೆ ಸುಮ್ಮನಿರುವುದೇಕೆಂದು ಪಾಪಿನಾಯಕನಹಳ್ಳಿಯ ರೈತ ಎರ್ರೆಪ್ಪನ ಮನೆಯ ಊಟಕ್ಕೆ ಅಷ್ಟೂ ತಟ್ಟೆ ಬಾಡಿಗೆಗೆ ಕಳಿಸಿದ. ಎರ್ರೆಪ್ಪನ ತಾಯಿ ತೀರಿ ವರ್ಷ ತುಂಬಿದ ಊಟ ಅದು. ಅಂಥ ಊಟದಲ್ಲಿ ಸತ್ತವರ ಹೆಸರಿನ ಪಾತ್ರೆ ಹಂಚುವ ವಾಡಿಕೆ ನಮ್ಮಲ್ಲುಂಟು. ನನ್ನ ಅರ್ಧ ವ್ಯಾಪಾರವೇ ಅದು. ಉಂಡವರು ಅಂಚಿನ ಮೇಲಿನ ಅಕ್ಷರ ಓದಿದರು, ಎರ್ರೆಪ್ಪನಿಗೆ ಕೈ ಮುಗಿದರು, ತಟ್ಟೆ ತೊಳೆದು ಬಗಲಲ್ಲಿಟ್ಟುಕೊಂಡು ಮನೆಗೆ ನಡೆದರು. ಹಿಂದಕ್ಕೆ ಬಂದವು ನಲವತ್ತು, ಅವೂ ಊಟಕ್ಕೆ ಬಾರದವರ ಪಾಲಿನವು.

ಶನಿವಾರ ನನ್ನ ಬೈಕಿನಲ್ಲಿ ಇಬ್ಬರೂ ಹೋದೆವು. ಊರವರು ಹೊಗಳುವಾಗ ತಟ್ಟೆ ನನ್ನವಲ್ಲ ಎನ್ನಲು ಎರ್ರೆಪ್ಪನಿಗೆ ಬಾಯಿ ಬರಲಿಲ್ಲವಂತೆ.

"ಈಗ ನಾನು ಕೇಳಿದ್ರ ಊರಾಗ ಮಾರಿ ತೋರ್ಸಾಂಗಿಲ್ಲರಿ. ನೀವ ಕೇಳ್ರಿ."

ಕೇಳಲು ಹೊರಟೆವು. ಮೊದಲ ಮನೆಯಲ್ಲಿ ಆ ತಟ್ಟೆಯಲ್ಲಿ ಬಾಣಂತಿ ಉಣ್ಣುತ್ತಿದ್ದಳು. ಸಿದ್ದಲಿಂಗೇಶ ಬಾಯಿ ತೆರೆದು, ನೀರು ಕೇಳಿ, ಕುಡಿದು ಹೊರಬಂದ. ಮುಂದಿನ ಮನೆಗಳಲ್ಲೂ ಅದೇ. ನೀರು ಕುಡಿಯಲು ಇಷ್ಟು ದೂರ ಬರಬೇಕಿತ್ತೇನಲೇ ಎಂದೆ. ಅವನು ಮುಂದಿನ ಮನೆಯಲ್ಲಿ ನೀವೇ ಕೇಳಿ ಎಂದ.

ಅದು ತಿಪ್ಪಕ್ಕ ಎಂಬ ಮುದುಕಿಯ ಮನೆ. ಚೌಕಾಸಿಯಲ್ಲಿ ಯಾರಿಗೂ ಸೋಲದ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆಕೆ ನಮ್ಮನ್ನು ಕೂರಿಸಿ, ಅವನ ಮುಂದೆ ಅವನದೇ ತಟ್ಟೆ ಇಟ್ಟು, ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು.

"ನಿಮ್ಮವ್ವ ಅದಾಳೇನಪ್ಪಾ?"

"ಇಲ್ಲಬೇ. ಹೋದ್ಲು."

"ಹಂಗಾರ ನೀನೂ ಹಿಂಗ ತಟ್ಟಿ ಹಂಚು. ಯಾರು ಉಂಡ್ರೂ ಆಕಿಗೆ ಮುಟ್ಟತೈತಿ."

ಮುರಿದ ರೊಟ್ಟಿ ಅವನ ಕೈಯಲ್ಲೇ ಉಳಿಯಿತು. "ಆಗ್ಲೇ ಹಂಚೀನಬೇ," ಎಂದ.

ಆಮೇಲೆ ಯಾವ ಬಾಗಿಲಿಗೂ ಹೋಗಲಿಲ್ಲ. ಸೋಮವಾರ ಕ್ಯಾಂಟೀನಿನವರ ಫೋನು ಬಡಿದುಕೊಳ್ಳುತ್ತಲೇ ಇತ್ತು, ಅವನು ಎತ್ತಲಿಲ್ಲ. ಅವರು ಮತ್ತೆ ಕಾಗದದ ತಟ್ಟೆ ತರಿಸಿಕೊಂಡರು. ಅವನ ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿಯವನಿದ್ದಾನೆ. ಸಿದ್ದಲಿಂಗೇಶ ಕುರೆಕುಪ್ಪದಲ್ಲಿ ಯಾರದೋ ಗೋದಾಮು ಕಾಯುತ್ತಾನೆ. ಪಾಪಿನಾಯಕನಹಳ್ಳಿಯಲ್ಲಿ ಮಾತ್ರ ಅವನ ತಟ್ಟೆಗಳು ತೊಳೆಸಿಕೊಂಡು, ಬಡಿಸಿಕೊಂಡು, ಅವನು ಹೇಳಿದ ಹಾಗೆಯೇ ತಿರುಗುತ್ತಿವೆ. ಬಾಡಿಗೆಯೊಂದು ಬರುವುದಿಲ್ಲ.

ಉಳಿದ ನಲವತ್ತನ್ನು ಮಾರಲು ಗಂಡ ಹೆಂಡತಿ ನನ್ನ ಬಳಿಗೇ ತಂದರು. ಅಕ್ಷರವಿರುವ ತಟ್ಟೆ ಗುಜರಿ ದರಕ್ಕೇ ಹೋಗುತ್ತದೆ ಎಂದು, ಇದ್ದುದನ್ನೇ ಹೇಳಿದೆ. ತಕ್ಕಡಿಗೆ ಹಾಕುವ ಮೊದಲು ಗಂಗಾಂಬಿಕಾ ಎರಡನ್ನು ಎತ್ತಿಟ್ಟುಕೊಂಡಳು. ಉಣ್ಣಾಕರ ಬೇಕಲ್ಲ ಎಂದಳು.